ನೆಟ್ಟವರು ನೋಡುತ್ತಲೂ ಇರಬೇಕು

ವಿಶ್ವ ಪರಿಸರ ದಿನವಾದ ಜೂನ್ 5ರಂದು ಸಸಿ ನೆಡುವುದೇ ನಮ್ಮ ಪ್ರೌಢಶಾಲೆಗಳಲ್ಲಿ ಪರಿಸರ ಶಿಕ್ಷಣದ ದೊಡ್ಡ ಹಬ್ಬ. ಶಾಲೆ ಆಗತಾನೆ ತೆರೆದಿರುತ್ತದೆ, ಮುಂಗಾರು ಹತ್ತಿರದಲ್ಲಿರುತ್ತದೆ. ಆದರೆ ಸಸಿಗೆ ನಿಜಕ್ಕೂ ನೀರು ಬೇಕಾಗುವುದು ಫೆಬ್ರವರಿಯ ನಂತರ. ಆಗ ಮಕ್ಕಳಿಗೆ ಪರೀಕ್ಷೆಯ ಚಿಂತೆ. ಏಪ್ರಿಲ್, ಮೇ ಬಂದರೆ ಶಾಲೆಗೇ ರಜೆ. ಮರುವರ್ಷ ಅದೇ ಗುಂಡಿಗೆ ಇನ್ನೊಂದು ಸಸಿ ಬೀಳುವುದನ್ನು ಸಂರಕ್ಷಣೆ ಎನ್ನಲು ನನಗೆ ಮನಸ್ಸು ಬಾರದು.

ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. 2001-02ರಿಂದ ರಾಷ್ಟ್ರೀಯ ಹಸಿರು ಪಡೆಯ ಇಕೋ ಕ್ಲಬ್‌ಗಳೂ ಬಂದವು. ಹಾಗಾಗಿ ಪಾಠಕ್ಕೆ ಕೊರತೆಯಿಲ್ಲ. ಪಾಠ ಊರಿನ ನೆಲವನ್ನು ಮುಟ್ಟುವುದಿಲ್ಲ ಎಂಬುದೇ ನನ್ನ ತಕರಾರು. 1983ರಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತರು. ಸಹಜ ಕಾಡು ಕಡಿದು ತೇಗ ಬೆಳೆಸಿದರೆ ನೀರು, ಸೊಪ್ಪು, ಬದುಕು ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಹೀಗೆ ಹುಟ್ಟಿದ ಅಪ್ಪಿಕೊ ಚಳವಳಿ ನಮ್ಮ ಮಕ್ಕಳಿಗೆ ಪರೀಕ್ಷೆಯ ಒಂದು ಟಿಪ್ಪಣಿಯಾಗಿ ಉಳಿದರೆ ಅದು ದೊಡ್ಡ ನಷ್ಟ.

ನೆರೆಯ ಕೇರಳದ ಶಾಲೆಗಳು ಕೈಗೊಂಡ ಸೀಸನ್‌ವಾಚ್ ಸಸಿ ನೆಡುವ ಈ ಹಬ್ಬಕ್ಕಿಂತ ಬಹಳ ಮುಂದಿದೆ. 2010ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಮಗು ತನ್ನದೇ ಒಂದು ಮರವನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಅದರ ಚಿಗುರು, ಮೊಗ್ಗು, ಹೂ, ಕಾಯಿಗಳನ್ನು ಗುರುತಿಸುತ್ತದೆ. ಹಲಸು, ಮಾವು, ಹುಣಸೆ: ದಿನಾ ಕಾಣುವ ಮರಗಳೇ. ವಿಷು ಹಬ್ಬದ ಕಕ್ಕೆ ಹೂ ಹಬ್ಬಕ್ಕೆ ಎಷ್ಟೋ ಮೊದಲೇ ಅರಳುತ್ತಿರುವುದು ಈ ದಾಖಲೆಗಳಲ್ಲೂ ಕಂಡಿದೆ. ಹವಾಮಾನ ಬದಲಾವಣೆಯನ್ನು ಇಲ್ಲಿ ಯಾರೂ ಉರು ಹೊಡೆಸಬೇಕಿಲ್ಲ. ಮಗು ತಾನೇ ಬರೆದ ತಾರೀಖು ಅದನ್ನು ತೋರಿಸುತ್ತದೆ. ಒಂದೇ ಮರದ ಬುಡಕ್ಕೆ ಮತ್ತೆ ಮತ್ತೆ ಹೋಗುವ ಹುಡುಗಿಗೆ ಆ ಮರದ ಮೇಲೆ ಹುಟ್ಟುವ ಹಕ್ಕಿನ ಭಾವನೆಯನ್ನು ಯಾವ ಭಾಷಣವೂ ಹುಟ್ಟಿಸಲಾರದು.

ಇದಕ್ಕೂ ಮಿತಿಯಿದೆ. ಆಸಕ್ತಿಯಿರುವ ಮೇಷ್ಟ್ರಿಗೆ ವರ್ಗವಾದರೆ ದಾಖಲೆಯ ಸರಣಿ ತುಂಡಾಗಬಹುದು. ಅದಕ್ಕಿಂತ ಮುಖ್ಯವಾಗಿ, ನೋಡಿದ್ದನ್ನು ಬರೆದಿಟ್ಟ ಮಾತ್ರಕ್ಕೆ ಮರ ಉಳಿಯುವುದಿಲ್ಲ; ಕಡಿಯುವ, ಉಳಿಸುವ ತೀರ್ಮಾನ ಶಾಲೆಯ ಕಾಂಪೌಂಡಿನ ಆಚೆ ಆಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಅವಕಾಶ ಕೊಟ್ಟಿದೆ. ಊರಿನ ಗಿಡ, ಪ್ರಾಣಿ, ಬಳಕೆಯ ಅರಿವನ್ನು ದಾಖಲಿಸುವುದು ಅದರ ಕೆಲಸ. ಒಂಬತ್ತನೇ ತರಗತಿಯ ಮಕ್ಕಳು ವರ್ಷವಿಡೀ ಬರೆದ ಪುಸ್ತಕ ಆ ದಾಖಲೆಗೆ ಸೇರಬೇಕು. ಊರಿನ ಮರಕ್ಕೆ ಕೊಡಲಿ ಬೀಳುವ ಮಾತು ಬಂದಾಗ ಸಮಿತಿ ಆ ಪುಟಗಳನ್ನು ಮುಂದಿಟ್ಟುಕೊಂಡು ಮಾತಾಡಬೇಕು, ಬರೆದ ಮಕ್ಕಳನ್ನೂ ಕರೆದು ಕೇಳಬೇಕು.