‘ಶಿಕಾರಿ’ ಮತ್ತು ‘ನಮ್ಮವರು’

ಮನುಷ್ಯ ತಾನು ಯಾರೆಂಬುದನ್ನು ಒಬ್ಬನೇ ಕೂತು ಕಂಡುಕೊಳ್ಳುವುದಿಲ್ಲ. ಸುತ್ತಲಿನವರ ಕಣ್ಣಲ್ಲಿ ತನ್ನನ್ನು ನೋಡಿಕೊಂಡು ಕಲಿಯುತ್ತಾನೆ ಎನ್ನುತ್ತದೆ ಸಮಾಜಶಾಸ್ತ್ರ. ಆ ಕಣ್ಣುಗಳು ಬೇಟೆಗಾರರವಾದರೆ? ಯಶವಂತ ಚಿತ್ತಾಲರ ‘ಶಿಕಾರಿ’ (1979) ಎತ್ತುವ ಪ್ರಶ್ನೆ ಇದು.

ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಚಿತ್ತಾಲರು (1928–2014) ಈ ಕತೆಯನ್ನು ಮುಂಬಯಿಯ ಒಂದು ಕಂಪನಿಯ ಸುತ್ತ ಕಟ್ಟಿದ್ದಾರೆ. ಕೆಲಸದಿಂದ ಅಮಾನತುಗೊಂಡ ನಾಗಪ್ಪನಿಗೆ ತನ್ನ ತಪ್ಪೇನೆಂದೇ ತಿಳಿಯದು. ಆಫೀಸಿನ ಒಳಸಂಚು ಚೆನ್ನಾಗಿ ಮೂಡಿದೆ. ಅದಕ್ಕಿಂತ ಬೆಚ್ಚಿಸುವುದು, ಹುಟ್ಟು, ಮನೆತನ, ಊರಿನ ಹಳೆಯ ಸಂಗತಿಗಳೂ ಅವನ ವಿರುದ್ಧ ಆಯುಧವಾಗುವ ಬಗೆ. ಹಿಂದಿನಿಂದ ಬಲ್ಲ ಶ್ರೀನಿವಾಸನೂ ಈ ಬೇಟೆಗೆ ಹೊರಗಿನವನಲ್ಲ.

ನಾಗಪ್ಪನ ತರ್ಕ ಕೆಲವೆಡೆ ಸುತ್ತಿ ಸುತ್ತಿ ಓದುಗನನ್ನು ದಣಿಸುತ್ತದೆ, ನಿಜ. ಆದರೂ ಹೊರನಾಡ ಕನ್ನಡಿಗರಾದ ನಾವು ಇದನ್ನು ಓದಲೇಬೇಕು. ಸಂಘಕ್ಕೆ ಹೊಸಬರು ಬಂದರೆ ನಾವು ಮೊದಲು ಕೇಳುವುದು, “ಯಾವ ಊರು? ಯಾರ ಪೈಕಿ?” ಅದು ಅಕ್ಕರೆಯೂ ಹೌದು, ಅಳತೆಗೋಲೂ ಹೌದು. ಪಕ್ಕದಲ್ಲಿ ನಿಂತ ಮಕ್ಕಳು ಭಾಷೆಯೊಡನೆ ಆ ಅಳತೆಯನ್ನೂ ಕಲಿಯುತ್ತಾರೆ. ‘ನಮ್ಮವರು’ ಎಂಬ ಮಾತಿನಲ್ಲಿ ಆಸರೆ ಎಷ್ಟು, ಬೇಟೆ ಎಷ್ಟು ಎಂದು ನಮ್ಮನ್ನೇ ಕೇಳಿಕೊಳ್ಳುವಂತೆ ಮಾಡುವುದು ಈ ಕೃತಿಯ ದೊಡ್ಡ ಗುಣ.