ಸುಲಭದ ಚೆಂಡು ತಪ್ಪುವ ಗಳಿಗೆ

ತಲಮಲೆಯ ಅಂಚಿಗೆ ಹೋಗಿ ನಿಂತರೆ ಮೋಯಾರ್ ಕಣಿವೆಯಾಚೆ ನೀಲಗಿರಿ ಸಾಲು ಕಾಣುತ್ತದೆ. ಸ್ನೂಕರ್ ಹುಟ್ಟಿದ್ದು 1875ರಲ್ಲಿ, ಜಬಲ್ಪುರದ ಸೇನಾ ಮೆಸ್ಸಿನಲ್ಲಿ, ನೆವಿಲ್ ಚೇಂಬರ್ಲೇನ್ ಎಂಬ ಕಿರಿಯ ಅಧಿಕಾರಿಯ ಕೈಯಲ್ಲಿ. ಆದರೆ ಅದರ ನಿಯಮಗಳನ್ನು ಬರೆದು ಗೋಡೆಗೆ ಹಾಕಿದ್ದು 1882ರಲ್ಲಿ, ಆ ನೀಲಗಿರಿ ಸಾಲಿನ ಮೇಲಿರುವ ಊಟಿ ಕ್ಲಬ್ಬಿನಲ್ಲಿ. ಆಟ ಇಷ್ಟು ಹತ್ತಿರದ್ದಾದರೂ ನಮ್ಮ ತಾಳವಾಡಿ ಬೆಟ್ಟದ ಹುಡುಗರ ಕೈಗೆ ಸಿಕ್ಕಿದ್ದು ಕೇರಂ ಬೋರ್ಡು. ಹನ್ನೆರಡಡಿ ಉದ್ದದ ಸ್ನೂಕರ್ ಮೇಜನ್ನು ಹೆಚ್ಚಿನವರು ನೋಡುವುದು ಮೊಬೈಲಿನಲ್ಲೇ. ಶೆಫೀಲ್ಡಿನ ಕ್ರೂಸಿಬಲ್ ರಂಗಮಂದಿರದಲ್ಲಿ ಸಂಜೆ ಏಳಕ್ಕೆ ಶುರುವಾಗುವ ವಿಶ್ವ ಚಾಂಪಿಯನ್‌ಷಿಪ್ ಆಟ ನಮಗೆ ರಾತ್ರಿ ಹನ್ನೊಂದೂವರೆಗೆ. ನಿದ್ದೆಗೆಟ್ಟು ನೋಡಿದವರು ಬೆಳಿಗ್ಗೆ ಕೇಳುವ ಪ್ರಶ್ನೆ ಒಂದೇ: ಅಷ್ಟು ಕಷ್ಟದ ಚೆಂಡುಗಳನ್ನೆಲ್ಲ ಹಾಕಿದವನು ಕೊನೆಗೆ ಕಣ್ಣೆದುರಿನ ಸುಲಭದ ಚೆಂಡನ್ನು ಹೇಗೆ ಬಿಟ್ಟ?

1994ರ ಮೇ 2ರ ಫೈನಲ್ ನೋಡಿ. ಜಿಮ್ಮಿ ವೈಟ್ ಅವರಿಗೆ ಅಂದು 32 ತುಂಬಿತ್ತು. ಅದು ಅವರ ಆರನೇ ವಿಶ್ವ ಫೈನಲ್. ಹಿಂದಿನ ಐದನ್ನೂ ಸೋತಿದ್ದರು. ಸ್ಟೀಫನ್ ಹೆಂಡ್ರಿ ಎದುರು 17-17 ಸಮ, ಕೊನೆಯ ಫ್ರೇಮಿನಲ್ಲಿ 37-24ರ ಮುನ್ನಡೆ. ಕಪ್ಪು ಚೆಂಡು ತನ್ನ ಜಾಗದಲ್ಲೇ ಇತ್ತು. ಅಭ್ಯಾಸದಲ್ಲಿ ಸಾವಿರಾರು ಸಲ ಹಾಕಿದ ಚೆಂಡು ಅದು. ಅದನ್ನೇ ತಪ್ಪಿದರು. ಹೆಂಡ್ರಿ ಎದ್ದು ಬಂದು 58 ಅಂಕ ಬಾಚಿ ಪ್ರಶಸ್ತಿ ಒಯ್ದರು.

1985ರ ವಿಶ್ವ ಫೈನಲ್‌ನಲ್ಲಿ ಸ್ಟೀವ್ ಡೇವಿಸ್ ತಪ್ಪಿದ ಕಪ್ಪನ್ನು ಜನ ಹೆಚ್ಚು ನೆನೆಯುತ್ತಾರೆ. ನನ್ನ ಮಟ್ಟಿಗೆ ಅದು ಈ ಮಾತಿಗೆ ಸೇರದು. ತೆಳ್ಳಗೆ ಸವರಿ ಹಾಕಬೇಕಿದ್ದ ಚೆಂಡು ಯಾರಿಗೂ, ಯಾವ ದಿನವೂ ತಪ್ಪಬಹುದು. ನಾನು ಕೇಳುವುದು ತಪ್ಪಬಾರದ ಚೆಂಡಿನ ಕಥೆ.

ಮೊದಲು ಲೆಕ್ಕ ನೋಡೋಣ. ಸ್ನೂಕರ್ ಚೆಂಡಿನ ಅಡ್ಡಳತೆ 52.5 ಮಿ.ಮೀ. ಪಾಕೆಟ್ಟಿನ ಬಾಯಿ ಸುಮಾರು ಮೂರೂವರೆ ಇಂಚು. ಚೆಂಡಿನ ಅಗಲ ಕಳೆದರೆ ಆಚೆಗೀಚೆಗೆ ಉಳಿಯುವುದು 18 ಮಿ.ಮೀ. ಆಸುಪಾಸು. ನೆಟ್ಟಗೆ ಹಾಕುವ ಚೆಂಡಿಗೆ ಬಿಳಿ ಚೆಂಡು ಒಂದೇ ಒಂದು ಮಿಲಿಮೀಟರ್ ಸರಿದು ಬಡಿದರೂ ಅದರ ದಾರಿ ಒಂದು ಡಿಗ್ರಿಗಿಂತ ತುಸು ಹೆಚ್ಚೇ ಓರೆಯಾಗುತ್ತದೆ. ಒಂದೂವರೆ ಮೀಟರ್ ಉರುಳುವಷ್ಟರಲ್ಲಿ ಆ ಓರೆ 28 ಮಿ.ಮೀ. ಆಗಿರುತ್ತದೆ, ಚೆಂಡು ಪಾಕೆಟ್ಟಿನ ದವಡೆಗೆ ಬಡಿದು ಹೊರಗೆ ಬರುತ್ತದೆ. ಕಪ್ಪಿನ ಜಾಗದಿಂದ ಮೂಲೆಗೆ ಒಂದು ಮೀಟರೂ ಇಲ್ಲ. ಅಲ್ಲಿಯೂ ಒಂದೂವರೆ ಮಿಲಿಮೀಟರ್ ಸಾಕು. ಹೊರಗಿನಿಂದ ನೋಡುವ ನಮಗೆ ಸುಲಭ ಎನಿಸುವ ಚೆಂಡು ನಿಂತಿರುವುದು ಇಷ್ಟು ಸಣ್ಣ ಅಳತೆಯ ಮೇಲೆ. ಮುಂಗೈ ಕೊಂಚ ಬಿಗಿದರೂ ಆ ಅಳತೆ ಕೆಡುತ್ತದೆ.

ಆ ಬಿಗಿತ ಎಲ್ಲಿಂದ ಬರುತ್ತದೆ? ಸೋಲಿನ ಭಯ, ಗೆಲುವಿನ ಆಸೆ ಎಂದು ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಇಪ್ಪತ್ತು ವರ್ಷ ಆಡಿದ ವೃತ್ತಿಪರನಿಗೆ ಭಯ ಹೊಸತಲ್ಲ. ಸ್ನೂಕರ್‌ನಲ್ಲಿ ಚೆಂಡು ಹಾಕುವುದು ಅರ್ಧ ಕೆಲಸ, ಮುಂದಿನ ಚೆಂಡಿಗೆ ಅನುಕೂಲವಾಗುವಲ್ಲಿ ಬಿಳಿಯನ್ನು ನಿಲ್ಲಿಸುವುದು ಇನ್ನರ್ಧ. ಈ ಎರಡನೆಯ ಅರ್ಧವನ್ನು ಮೇಜಿನ ಮೇಲೆ ಬಾಗುವ ಮುಂಚೆಯೇ, ನಿಂತಿರುವಾಗಲೇ ತೀರ್ಮಾನಿಸಿ ಬಿಡಬೇಕು. ಒತ್ತಡದಲ್ಲಿ ಆ ತೀರ್ಮಾನ ಮುಗಿಯುವುದಿಲ್ಲ. ಆಟಗಾರ ಬಾಗಿದ ಮೇಲೂ ಬಿಳಿ ಎಲ್ಲಿ ನಿಲ್ಲಬೇಕೆಂದು ಲೆಕ್ಕ ಹಾಕುತ್ತಲೇ ಇರುತ್ತಾನೆ. ದಿಂಬಂ ಘಾಟಿಯ 27 ತಿರುವು ಇಳಿಸುವ ಲಾರಿ ಚಾಲಕ ಸ್ಟೀರಿಂಗ್ ಈ ತಿರುವಿನಲ್ಲಿರುವಾಗಲೇ ಮನಸ್ಸನ್ನು ಕೆಳಗಿನ ತಿರುವಿಗೆ ಕಳಿಸಿದರೆ ಏನಾಗುತ್ತದೋ, ಇಲ್ಲಿ ಆಗುವುದೂ ಅದೇ.

ವಿಲ್ಲಿ ಥಾರ್ನ್ ಅವರ ನೀಲಿ ಚೆಂಡನ್ನು ನಾನು ಹೀಗೇ ಓದುತ್ತೇನೆ. 1985ರ ಯುಕೆ ಚಾಂಪಿಯನ್‌ಷಿಪ್ ಫೈನಲ್, ಡೇವಿಸ್ ಎದುರು 13-8 ಮುಂದೆ. ಜಾಗದಲ್ಲೇ ಇದ್ದ ನೀಲಿ ಬಿದ್ದಿದ್ದರೆ 14-8. ಅದು ಬೀಳಲಿಲ್ಲ. ಡೇವಿಸ್ 16-14ರಿಂದ ಗೆದ್ದರು. ಥಾರ್ನ್ ಆ ಪ್ರಶಸ್ತಿಯನ್ನು ಕೊನೆಯವರೆಗೂ ಗೆಲ್ಲಲಿಲ್ಲ.

ಸಂಶೋಧಕರು ಕಂಡದ್ದೂ ಇದಕ್ಕೆ ದೂರವಲ್ಲ. ಕ್ಯೂ ಕೋಲು ಮುಂದೆ ಹೋಗುವ ಮುಂಚೆ ಕಣ್ಣು ಗುರಿಯ ಮೇಲೆ ಕದಲದೆ ನಿಲ್ಲುವ ಹೊತ್ತನ್ನು ಬಿಲಿಯರ್ಡ್ಸ್ ಆಟಗಾರರಲ್ಲಿ ಅಳೆದು 2002ರಲ್ಲಿ ಪ್ರಕಟಿಸಿದರು. ನುರಿತವರಲ್ಲಿ ಆ ಹೊತ್ತು ಹೆಚ್ಚು; ಚೆಂಡು ಬಿದ್ದ ಹೊಡೆತಗಳಲ್ಲಿ ತಪ್ಪಿದವುಗಳಿಗಿಂತ ಹೆಚ್ಚು. 1992ರಲ್ಲಿ ರಿಚ್ ಮಾಸ್ಟರ್ಸ್ ಗಾಲ್ಫ್ ಹೊಡೆತದ ಮೇಲೆ ಮಾಡಿದ ಪ್ರಯೋಗ ಇನ್ನೊಂದು ಮಾತು ಹೇಳುತ್ತದೆ. ಹೊಡೆತದ ಸೂಚನೆಗಳನ್ನು ಒಂದೊಂದಾಗಿ ಓದಿ ಕಲಿತವರು ಒತ್ತಡದಲ್ಲಿ ಎಡವಿದರು. ಸೂಚನೆಯಿಲ್ಲದೆ ಕೈಗೇ ಕಲಿಸಿಕೊಂಡವರು ಅಷ್ಟು ಎಡವಲಿಲ್ಲ. ಕೈ ತಾನಾಗಿ ಮಾಡುವ ಕೆಲಸವನ್ನು ತಲೆ ವಾಪಸು ಕಸಿದುಕೊಂಡಾಗ ಹಿಡಿತ ಬಿಗಿಯುತ್ತದೆ, ಕ್ಯೂ ಅಡ್ಡಕ್ಕೆ ಎಳೆಯುತ್ತದೆ, ಚೆಂಡು ತಲುಪುವ ಮುಂಚೆ ತಲೆ ಮೇಲೇಳುತ್ತದೆ.

ಇದರ ಜೊತೆಗೆ ಕುರ್ಚಿ. ಬೇರೆ ಆಟಗಳಲ್ಲಿ ಎದುರಾಳಿ ಚೆನ್ನಾಗಿ ಆಡಿದರೆ ನೀವು ಓಡುತ್ತೀರಿ, ತಡೆಯುತ್ತೀರಿ. ಸ್ನೂಕರ್‌ನಲ್ಲಿ ಸುಮ್ಮನೆ ಕೂರುತ್ತೀರಿ. ಕೈ ತಣ್ಣಗಾಗುತ್ತದೆ, ತಲೆ ಓಡುತ್ತಲೇ ಇರುತ್ತದೆ. ಭಾರತದ ವಿದ್ಯಾ ಪಿಳ್ಳೈ 2017ರಲ್ಲಿ ಸಿಂಗಪುರದ ಮಹಿಳಾ ವಿಶ್ವ ಫೈನಲ್‌ನಲ್ಲಿ ಹಾಂಕಾಂಗ್‌ನ ಎನ್ಜಿ ಆನ್-ಯೀ ಎದುರು 6-5ರಿಂದ ಸೋತರು. ಹನ್ನೊಂದು ಫ್ರೇಮುಗಳಿಗೆ ಎಂಟು ಗಂಟೆಗೂ ಹೆಚ್ಚು ಹಿಡಿಯಿತು. ಅಷ್ಟು ಹೊತ್ತು ಕೂತು, ಎದ್ದು, ಮತ್ತೆ ಕೂತು ನಿರ್ಣಾಯಕ ಫ್ರೇಮಿನವರೆಗೂ ಹೋರಾಟ ಒಯ್ದ ಅವರ ಆಟಕ್ಕೆ ನಮ್ಮಲ್ಲಿ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ. ನನಗೆ ಅದು ಇಂದಿಗೂ ನೋವಿನ ವಿಷಯ.

ಪಂಕಜ್ ಅಡ್ವಾಣಿ ಅವರ ಆಟ ನೋಡುವಾಗ ಈ ಬಿಗಿತಕ್ಕೊಂದು ಉತ್ತರ ಸಿಕ್ಕಂತೆ ಅನಿಸುತ್ತದೆ. ಬೆಂಗಳೂರಿನಲ್ಲಿ ಅರವಿಂದ್ ಸವೂರ್ ಅವರ ಕೈಕೆಳಗೆ ಕಲಿತ ಅಡ್ವಾಣಿ 2003ರಲ್ಲಿ, 18ರ ವಯಸ್ಸಿನಲ್ಲಿ, ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಗೆದ್ದರು. ಅವರು ಬಿಲಿಯರ್ಡ್ಸನ್ನೂ ಅಷ್ಟೇ ಆಡಿದವರು. ಬಿಲಿಯರ್ಡ್ಸ್‌ನಲ್ಲಿ ಮೂರೇ ಚೆಂಡು. ಬ್ರೇಕ್ ಮುಂದುವರಿಯಬೇಕಾದರೆ ಪ್ರತಿ ಹೊಡೆತಕ್ಕೂ ಚೆಂಡುಗಳು ಎಲ್ಲಿ ನಿಲ್ಲುತ್ತವೆ ಎಂಬುದು ಮೊದಲೇ ಗೊತ್ತಿರಬೇಕು. ಆ ಅಭ್ಯಾಸ ಇರುವವನು ಸ್ನೂಕರ್ ಮೇಜಿಗೆ ಬಾಗುವಾಗ ಲೆಕ್ಕ ಮುಗಿದಿರುತ್ತದೆ. ಅಡ್ವಾಣಿ ಅವರ ಮೊಣಕೈ ನೋಡಬೇಡಿ; ನಿಂತಿರುವಾಗ ಅವರ ಕಣ್ಣು ನೋಡಿ. ಬಿಳಿಯಿಂದ ಪಾಕೆಟ್ಟಿಗೆ, ಪಾಕೆಟ್ಟಿನಿಂದ ಮುಂದಿನ ಚೆಂಡಿಗೆ ಹೋಗಿ ಬರುತ್ತದೆ. ಆಮೇಲೆಯೇ ಬಾಗುವುದು. ಬಾಗಿದ ಮೇಲೆ ಸಂದೇಹ ಬಂದರೆ ಎದ್ದು ನಿಂತು ಮೊದಲಿಂದ ಶುರು ಮಾಡುವ ಆಟಗಾರನನ್ನು ಕಂಡರೆ ನನಗೆ ಬಹಳ ಗೌರವ. ಕೊನೆಯ ಫ್ರೇಮಿನಲ್ಲಿ, ನೂರಾರು ಜನ ಉಸಿರು ಬಿಗಿಹಿಡಿದು ಕೂತಿರುವಾಗ ಹಾಗೆ ಎದ್ದು ನಿಲ್ಲುವುದಕ್ಕೆ ಧೈರ್ಯ ಬೇಕು.

ಇನ್ನು ಹೆಂಡ್ರಿ. 1990ರ ದಶಕದಲ್ಲಿ ಏಳು ವಿಶ್ವ ಪ್ರಶಸ್ತಿ ಗೆದ್ದ, ವೈಟ್ ಬಿಟ್ಟ ಚೆಂಡಿನಿಂದ 58 ಬಾಚಿದ ಅದೇ ಕೈ ವರ್ಷಗಳ ನಂತರ ಕ್ಯೂವನ್ನು ಚೆಂಡಿನಾಚೆಗೆ ಸಲೀಸಾಗಿ ಕಳಿಸಲು ಒಪ್ಪಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಅಭ್ಯಾಸದ ಕೋಣೆಯಲ್ಲಿ ಎಷ್ಟು ದುಡಿದರೂ ಆ ತೊಡಕು ಪೂರ್ತಿ ಬಿಡಲಿಲ್ಲ. 2012ರ ಕ್ರೂಸಿಬಲ್‌ನಲ್ಲಿ ಮೊದಲ ಸುತ್ತಿನಲ್ಲೇ ಅವರು ಒಂದೂ ಚೆಂಡು ತಪ್ಪದೆ 147 ಹೊಡೆದರು. ಅದೇ ಟೂರ್ನಿಯ ಕ್ವಾರ್ಟರ್ ಫೈನಲ್‌ನಲ್ಲಿ ಸ್ಟೀಫನ್ ಮಗ್ವಾಯರ್ ಎದುರು 13-2ರಿಂದ ಸೋತು, ಅಂದೇ ನಿವೃತ್ತಿ ಹೇಳಿದರು.