ಗಾಜಿನ ಚಿಪ್ಪಿನ ಬಂಡೆ

ಕ್ಯಾಲಿಫೋರ್ನಿಯಾ ಕರಾವಳಿಯ ಮಾಂಟೆರೆ ಶಿಲಾಸ್ತರದಂಥ ನಾಜೂಕು ಕೆಲಸದ ಬಂಡೆ ಇನ್ನೊಂದನ್ನು ನಾನು ಕಾಣೆ. ಅದನ್ನು ಕಟ್ಟಿದ್ದು ಡಯಾಟಮ್‌ಗಳು, ಒಂದೇ ಕೋಶದ ಪಾಚಿಗಳು. ಕಡಲ ನೀರಲ್ಲಿ ಕರಗಿದ ಅಷ್ಟಿಷ್ಟು ಸಿಲಿಕಾವನ್ನೇ ಹೀರಿ, ಡಬ್ಬಿಗೆ ಮುಚ್ಚಳ ಕೂರುವಂತೆ ಒಂದಕ್ಕೊಂದು ಹೊಂದುವ ಎರಡು ಗಾಜಿನ ಚಿಪ್ಪು ಮಾಡಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಬೇಕು ಆ ಚಿಪ್ಪಿನ ರಂಧ್ರಗಳ ಸಾಲನ್ನು, ಎಂಥ ಅಚ್ಚುಕಟ್ಟು!

ಲಕ್ಷಾಂತರ ವರ್ಷ ಹಿಂದಿನ ಮಯೋಸೀನ್ ಕಾಲದಲ್ಲಿ, ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇಳುತ್ತಿದ್ದ ಕಡಲಲ್ಲಿ ಇವು ಹುಲುಸಾಗಿ ಬೆಳೆದವು. ಸತ್ತು ತಳ ಸೇರಿದವು. ಅಲ್ಲಿ ಎಷ್ಟೋ ಕಡೆ ಆಮ್ಲಜನಕ ಕಡಿಮೆ; ಜೀವಾಂಶ ಪೂರ್ತಿ ಕೊಳೆಯಲಿಲ್ಲ, ಹುಳುಗಳು ಕೆಸರು ಕಲಕಲಿಲ್ಲ. ಅದಕ್ಕೇ ಕೂದಲೆಳೆಯಷ್ಟು ತೆಳು ಪದರಗಳೂ ಇಂದಿಗೂ ಹಾಗೇ ಇವೆ. ಲೊಂಪೋಕ್ ಊರಿನ, ಈ ಚಿಪ್ಪುಗಳೇ ತುಂಬಿದ ಬಿಳಿ ಡಯಾಟಮೈಟ್ ಶಿಲೆಯ ತುಂಡು ಕೈಗೆ ಭಾರವೇ ಅನ್ನಿಸದು. ನಾಲಗೆಗೆ ತಾಗಿಸಿದರೆ ಅಂಟಿಕೊಳ್ಳುತ್ತದೆ, ಅಷ್ಟು ರಂಧ್ರಮಯ.

ಆಳಕ್ಕೆ ಹೂತು ಬಿಸಿಯೇರಿದಂತೆ ಓಪಲ್ ಎಂಬ ಸಿಲಿಕಾದ ಆ ಚಿಪ್ಪು ಕರಗಿ ಮರುಹರಳುಗಟ್ಟುತ್ತದೆ: ಮೊದಲು ಪಿಂಗಾಣಿಯಂಥ ಪೋರ್ಸಲನೈಟ್, ಕೊನೆಗೆ ಕ್ವಾರ್ಟ್ಸ್‌ನ ಗಟ್ಟಿ ಚರ್ಟ್ ಶಿಲೆ. ಭೂವಿಜ್ಞಾನಿ ಬ್ರಾಮ್ಲೆಟ್ 1946ರಲ್ಲೇ ಈ ಸಿಲಿಕಾ ಶಿಲೆಗಳ ಮೂಲವನ್ನು ವಿವರವಾಗಿ ಬರೆದಿದ್ದರು. ಚರ್ಟ್ ಬಾಗದು, ಬಿರುಕು ಬಿಡುತ್ತದೆ. ನನಗೆ ಅತಿ ಸೊಗಸೆನಿಸುವುದು ಇದೇ: ತನ್ನದೇ ಜೀವಾಂಶದಿಂದ ಹುಟ್ಟಿದ ಎಣ್ಣೆಗೆ ಆ ಬಿರುಕುಗಳಲ್ಲಿ ಬಂಡೆಯೇ ಜಾಗ ಕೊಡುತ್ತದೆ. ಬೆಲ್‌ರಿಡ್ಜ್ ಎಣ್ಣೆಕ್ಷೇತ್ರದ ಡಯಾಟಮೈಟ್‌ನಲ್ಲಿ ಎಣ್ಣೆ ಹೇರಳ, ಆದರೆ ರಂಧ್ರಗಳು ಅತಿ ಸಣ್ಣವು. ಬಂಡೆ ಸೀಳಿಯೋ ಹಬೆ ಹಾಯಿಸಿಯೋ ಅದನ್ನು ಹೊರತರಬೇಕು. ಕಡಲತೀರದಲ್ಲಾದರೋ ಎಣ್ಣೆ ಡಾಂಬರಾಗಿ ತಾನಾಗಿಯೇ ಒಸರುತ್ತದೆ. ಅಲ್ಲಿನ ಮೂಲನಿವಾಸಿ ಚುಮಾಶ್ ಜನ ಅದನ್ನೇ ಕಾಯಿಸಿ, ಹಲಗೆದೋಣಿಗಳ ಸಂದು ಮುಚ್ಚಿ ಕಡಲಿಗಿಳಿಯುತ್ತಿದ್ದರು.